ಶುಗರ್ ಬೀಡ್ಸ್, ಜೀನ್ಸ್ ಗುಂಡಿ, ಒಂದು ಬ್ರೇಸ್ಲೆಟ್

ಸೂಜಿ ದಾರದಲ್ಲಿ ಮಣಿಗೆ ಮಣಿ ಸೇರಿಸಿ ಪಟ್ಟಿ ಮಾಡುವ ಪೆಯೋಟಿ ಹೆಣಿಗೆಯನ್ನು ಕೈ ಒಂದೇ ಸಂಜೆಯಲ್ಲಿ ಕಲಿತುಬಿಡುತ್ತದೆ. ಕಣ್ಣಿಗೆ ಮಾತ್ರ ಜಾಸ್ತಿ ಹೊತ್ತು ಬೇಕು. ಯಾವ ಮಣಿ ಇಟ್ಟುಕೊಳ್ಳಬೇಕು, ಯಾವುದನ್ನು ಪಕ್ಕಕ್ಕೆ ತಳ್ಳಬೇಕು ಅನ್ನೋದರಲ್ಲೇ ಈ ಕೆಲಸದ ಮುಕ್ಕಾಲು ಪಾಲು ಇದೆ.

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಮಷಿನ್ ಮುಂದೆ ಕೂತವಳಿಗೆ ಮನೆಗೆ ಬಂದ ಮೇಲೂ ಸೂಜಿ ಬೇಕಾ ಅಂತ ಮನೆಯವರು ಕೇಳುತ್ತಾರೆ. ಬೇಕು. ಈ ಸೂಜಿಗೆ ಸದ್ದಿಲ್ಲ, ಟಾರ್ಗೆಟ್ ಇಲ್ಲ.

ಬ್ಲೌಸಿಗೆ ಆರಿ ವರ್ಕ್ ಮಾಡುವವರು ಸಾಮಾನು ಕೊಳ್ಳುವ ಅಂಗಡಿಯಲ್ಲೇ ಈ ಸಣ್ಣ ಗಾಜಿನ ಮಣಿ ಸಿಗುತ್ತವೆ. ಶುಗರ್ ಬೀಡ್ಸ್ ಅಂದರೆ ಸಾಕು, ಬಣ್ಣ ಬಣ್ಣದ ಪ್ಯಾಕೆಟ್ ಮುಂದಿಡುತ್ತಾರೆ. ಈ ಮಣಿಗಳ ಲೆಕ್ಕ ಉಲ್ಟಾ. ನಂಬರ್ ಹೆಚ್ಚಾದಷ್ಟು ಮಣಿ ಸಣ್ಣದು. 8 ನಂಬರ್ ದಪ್ಪ, 15 ತೀರಾ ಸಣ್ಣ, ಬ್ರೇಸ್ಲೆಟ್ಟಿಗೆ 11 ಸರಿಯಾದದ್ದು. ಬಿಡಿ ಪ್ಯಾಕೆಟ್ ಮೇಲೆ ಎಷ್ಟೋ ಸಲ ನಂಬರೇ ಇರಲ್ಲ. ಆಗ ಸೂಜಿಗೆ 10 ಮಣಿ ಏರಿಸಿ ಸ್ಕೇಲ್ ಪಕ್ಕ ಹಿಡಿಯಿರಿ. ಒಂದೂವರೆ ಸೆಂಟಿಮೀಟರ್ ಆಸುಪಾಸು ಬಂದರೆ ಅದು 11.

ಜಪಾನಿನ ಮಿಯುಕಿ ಕಂಪನಿಯ ಡೆಲಿಕಾ ಮಣಿಗಳನ್ನು ಆನ್‌ಲೈನ್‌ನಲ್ಲಿ ತರಿಸಬಹುದು. ಪುಟ್ಟ ಕೊಳವೆ ತುಂಡಿನ ಆಕಾರ, ಎಲ್ಲವೂ ಒಂದೇ ಅಳತೆ, ದೊಡ್ಡ ತೂತು. ಕಲಿಯುವವರಿಗೆ ಅದಕ್ಕಿಂತ ಸುಲಭದ್ದು ಇಲ್ಲ. ಆದರೆ ಆ ಬೆಲೆ ಕೊಟ್ಟು ಕೈ ಪಳಗಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಅಂಗಡಿಯ ಮಣಿಯಲ್ಲೇ ಚೆನ್ನಾಗಿ ಬರುತ್ತದೆ, ಆರಿಸುವ ತಾಳ್ಮೆ ಇದ್ದರೆ.

ತಾಟಿನಲ್ಲಿ ಹಳೆ ಕೌದಿಯ ತುಂಡು ಹಾಸಿ ಅದರ ಮೇಲೆ ಮಣಿ ಸುರುವುತ್ತೇನೆ. ಬರೀ ತಾಟಿನಲ್ಲಾದರೆ ಉರುಳಿ ಓಡುತ್ತವೆ, ಕೌದಿಯ ಹೊಲಿಗೆ ಸಾಲಿನ ತಗ್ಗಿನಲ್ಲಿ ನಿಲ್ಲುತ್ತವೆ. ಎರಡು ಅಂಟಿಕೊಂಡ ಮಣಿ, ಸೊಟ್ಟ ಮಣಿ, ತೂತು ಮುಚ್ಚಿದ್ದು, ಅಂಚು ಒಡೆದದ್ದು ಮೊದಲು ಹೊರಗೆ. ಒಡೆದ ಗಾಜಿನ ಅಂಚು ದಾರವನ್ನು ನಿಧಾನವಾಗಿ ಕೊಯ್ಯುತ್ತದೆ. ಉಳಿದದ್ದರಲ್ಲಿ ದಪ್ಪ ಒಂದು ಗುಂಪು, ತೆಳು ಒಂದು ಗುಂಪು. ತೆಳುವನ್ನು ಎಸೆಯಬೇಡಿ. ಪಟ್ಟಿಯೆಲ್ಲಾ ತೆಳು ಮಣಿಯದೇ ಆದರೂ ಚೆಂದವೇ. ಎರಡೂ ಬೆರೆತರೆ ಮಾತ್ರ ಅಂಚು ಹಾವಿನಂತೆ ಡೊಂಕಾಗುತ್ತದೆ.

ಬಣ್ಣವನ್ನೂ ಪರೀಕ್ಷೆ ಮಾಡಿ. ನಮ್ಮ ಬಳ್ಳಾರಿ ಬಿಸಿಲಿಗೆ ಮಣಿಕಟ್ಟು ಒಣಗಿರುವ ಹೊತ್ತೇ ಕಡಿಮೆ, ಅಲ್ವಾ? ನಾಲ್ಕು ಮಣಿಯನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ, ಇನ್ನು ನಾಲ್ಕನ್ನು ನೇಲ್ ಪಾಲಿಶ್ ತೆಗೆಯುವ ದ್ರವದಲ್ಲಿ ಅದ್ದಿಡಿ. ಬಣ್ಣ ಬಿಟ್ಟರೆ ಅದು ಮೇಲೆ ಬಳಿದ ಬಣ್ಣ, ಕೈಗೆ ಕಟ್ಟುವ ಕೆಲಸಕ್ಕೆ ಬೇಡ. ಗಾಜಿನದೇ ಬಣ್ಣ ಇರುವ ಮಣಿಗೆ ಬೆವರಿನ ಹೆದರಿಕೆ ಇಲ್ಲ.

ದಾರದ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಯೂನಿಟ್ಟಿನಲ್ಲಿ ದಾರಕ್ಕೆ ಬರವಿಲ್ಲ, ಆದರೆ ಜೀನ್ಸಿನ ದಾರ ಈ ತೂತಿಗೆ ತೀರಾ ದಪ್ಪ. ಮಾಮೂಲಿ ಹೊಲಿಗೆ ದಾರ ಎಳೆ ಎಳೆಯಾಗಿ ಬಿಚ್ಚುತ್ತದೆ. ತೆಳು ನೈಲಾನ್ ದಾರ ತಗೊಳ್ಳಿ, ಒಮ್ಮೆ ಚೆನ್ನಾಗಿ ಜಗ್ಗಿ ಸುರುಳಿ ಬಿಡಿಸಿ, ಜೇನುಮೇಣದ ಮೇಲೆ ಎಳೆಯಿರಿ. ಮಣಿಯ ಸೂಜಿ 10 ಅಥವಾ 12 ನಂಬರಿನದು. ಇದರಲ್ಲೂ ನಂಬರ್ ಹೆಚ್ಚಾದರೆ ತೆಳು.

ಇನ್ನು ಹೆಣಿಗೆ. ಈಜಿಪ್ಟಿನ ಪುರಾತನ ವಸ್ತುಗಳಲ್ಲಿ ಸಿಕ್ಕಿರುವ ಹೆಣಿಗೆ ಇದು. ಪೆಯೋಟಿ ಅನ್ನುವ ಹೆಸರು ಬಂದಿದ್ದು ಅಮೆರಿಕದ ಮೂಲನಿವಾಸಿಗಳ ಪೂಜೆಯ ಸಾಮಾನುಗಳಿಂದ. ಇದಕ್ಕೆ ಮಗ್ಗ ಬೇಡ, ಚೌಕಟ್ಟು ಬೇಡ.

ಒಂದು ಮಾರು ದಾರ ತಗೊಳ್ಳಿ. ತುದಿಯಲ್ಲಿ ಒಂದು ಗೇಣು ಬಿಟ್ಟು, ಒಂದು ಬೇರೆ ಬಣ್ಣದ ಮಣಿಗೆ ಎರಡು ಸಲ ಸೂಜಿ ತೂರಿಸಿ. ಅದು ಬರೀ ತಡೆ, ಕೊನೆಗೆ ತೆಗೆದುಬಿಡುವುದು. ಆಮೇಲೆ ಕೆಂಪು, ಬಿಳಿ, ಕೆಂಪು, ಬಿಳಿ ಅಂತ 10 ಮಣಿ ಪೋಣಿಸಿ. ಮೊದಲ ಸಾಲಿಗೆ ಎರಡು ಬಣ್ಣ ಇಟ್ಟುಕೊಳ್ಳಿ ಅಂತ ಯಾರಿಗೇ ಹೇಳಿಕೊಟ್ಟರೂ ಹೇಳುತ್ತೇನೆ, ಯಾಕೆ ಅಂತ ಈಗ ಗೊತ್ತಾಗುತ್ತದೆ. ಮುಂದಿನ ಸಾಲಿಗೆ ಕಪ್ಪು ಮಣಿ. ಒಂದು ಕಪ್ಪು ಏರಿಸಿ, ಕೊನೆಯ ಬಿಳಿಯನ್ನು ಬಿಟ್ಟು, ಅದರ ಹಿಂದಿನ ಕೆಂಪಿಗೆ ಸೂಜಿ ತೂರಿಸಿ ಎಳೆಯಿರಿ. ಕಪ್ಪು ಮಣಿ ಬಿಳಿಯ ತಲೆಯ ಮೇಲೆ ಬಂದು ಕೂರುತ್ತದೆ. ಮತ್ತೆ ಒಂದು ಕಪ್ಪು, ಬಿಳಿ ಬಿಡಿ, ಕೆಂಪಿಗೆ ತೂರಿಸಿ. ಐದು ಕಪ್ಪು ಮುಗಿಯುವಾಗ ಸೂಜಿ ಮೊದಲ ಕೆಂಪು ಮಣಿಯಿಂದ ಹೊರಗೆ ಬಂದಿರುತ್ತದೆ.

ಈ ಹೊತ್ತಿಗೆ ಎಲ್ಲವೂ ತಿರುಚಿಕೊಂಡು ಗಂಟಿನಂತೆ ಕಾಣುತ್ತದೆ. ಕೆಲಸ ಕೈಬಿಡುವವರು ಇಲ್ಲೇ ಬಿಡುತ್ತಾರೆ. ಬಾಲದ ದಾರವನ್ನು ಎಡಗೈ ಬೆರಳಿಗೆ ಸುತ್ತಿ, ಮಣಿಗಳನ್ನು ಹೆಬ್ಬೆರಳಿನ ಕೆಳಗೆ ಚಪ್ಪಟೆ ಒತ್ತಿ ಹಿಡಿಯಿರಿ. ಐದೂ ಕಪ್ಪು ಮಣಿಗಳು ನಡುವೆ ಸಂದಿ ಬಿಟ್ಟು ಎದ್ದು ನಿಂತಿರುತ್ತವೆ. ಮುಂದಿನ ಸಾಲಿನಲ್ಲಿ ಹೊಸ ಮಣಿ ಏರಿಸಿ ಎದ್ದು ನಿಂತ ಕಪ್ಪಿಗೆ ಮಾತ್ರ ಸೂಜಿ ಹಾಕಿ, ಹೊಸ ಮಣಿ ಸಂದಿಯಲ್ಲಿ ಇಳಿಯುತ್ತದೆ. ಅಲ್ಲಿಂದ ಮುಂದೆ ಯೋಚನೆಯೇ ಬೇಡ. ಪ್ರತಿ ಸಾಲಿಗೆ ಐದು ಮಣಿ, ಎದ್ದು ನಿಂತದ್ದಕ್ಕೆ ಸೂಜಿ. ಅಗಲ ಯಾವಾಗಲೂ ಸರಿಸಂಖ್ಯೆಯಲ್ಲಿ ಇರಲಿ. ಬೆಸ ಆದರೆ ಒಂದು ಅಂಚಿನಲ್ಲಿ ತಿರುಗಲು ಬೇರೆ ಸರ್ಕಸ್ ಮಾಡಬೇಕು.

ತಪ್ಪು ಕಂಡರೆ ಸೂಜಿಯನ್ನು ಬಂದ ದಾರಿಯಲ್ಲೇ ವಾಪಸ್ ತೂರಿಸಬೇಡಿ, ದಾರದ ಎಳೆಯನ್ನೇ ಸೀಳಿಬಿಡುತ್ತದೆ. ಸೂಜಿ ಕಳಚಿ, ದಾರ ಎಳೆದು ಬಿಚ್ಚಿ.

ನಮ್ಮ ಯೂನಿಟ್ಟಿನಲ್ಲಿ ಸಂಡೂರು ಕಡೆಯ ತಾಂಡಾದ ಅಕ್ಕ ಒಬ್ಬರಿದ್ದಾರೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್, ಅಂದರೆ ಆ ಜಾಗದ್ದೇ ಕಲೆ ಅನ್ನುವ ಸರ್ಕಾರಿ ಗುರುತು ಇದೆ. ಕನ್ನಡಿ, ಕವಡೆ, ಮಣಿ ಎಲ್ಲವನ್ನೂ ಬಟ್ಟೆಗೆ ಹೊಲಿದು ಪಳಗಿದ ಕೈ ಅವರದು. ಅರ್ಧ ಆದ ಪಟ್ಟಿ ಕೊಟ್ಟರೆ ಮೊದಲು ತಿರುಗಿಸಿ ಹಿಂಭಾಗ ನೋಡಿದರು.

"ಬಟ್ಟೆ ಎಲ್ಲೈತೆ ತಂಗಿ? ಹಿಂದೆ ಮುಂದೆ ಎರಡೂ ಒಂದೇ ಐತಲ್ಲ!"

"ಬಟ್ಟೆ ಇಲ್ಲಕ್ಕಾ, ಮಣಿಗೆ ಮಣಿನೇ ಆಸರೆ."

ಅವರು ಕಣ್ಣು ಬೇರೆ ಕಡೆ ಇಟ್ಟುಕೊಂಡೇ ಹೆಬ್ಬೆರಳ ಉಗುರನ್ನು ಪಟ್ಟಿಯ ಉದ್ದಕ್ಕೆ ಎಳೆದರು. ಒಂದು ಕಡೆ ಉಗುರು ಟಕ್ ಎಂದು ನಿಂತಿತು. "ಇದೊಂದು ದಪ್ಪ ಐತೆ ನೋಡು." ನಿಜ, ಪಕ್ಕದ್ದಕ್ಕಿಂತ ಕೂದಲೆಳೆಯಷ್ಟು ದಪ್ಪ. ಈಗ ನಾನೂ ನಾಲ್ಕೈದು ಸಾಲಿಗೊಮ್ಮೆ ಉಗುರು ಎಳೆಯುತ್ತೇನೆ. ಕಣ್ಣಿಗೆ ತಪ್ಪಿದ್ದು ಉಗುರಿಗೆ ಸಿಗುತ್ತದೆ.

ಅಂಥ ಮಣಿ ತುಂಬಾ ಹಿಂದೆ ಉಳಿದು, ಅದು ಅಂಚಿನಲ್ಲಿ ಲೆಕ್ಕಕ್ಕಿಂತ ಜಾಸ್ತಿ ಸೇರಿಕೊಂಡದ್ದಾದರೆ ಒಡೆದು ತೆಗೆಯಬಹುದು. ಇಕ್ಕಳದಲ್ಲಿ ಅಮುಕಿದರೆ ಚೂರು ಒಳಕ್ಕೆ ಬಂದು ದಾರ ಕತ್ತರಿಸುತ್ತದೆ. ಮೇಲೆ ಬಟ್ಟೆ ಮುಚ್ಚಿ, ದಬ್ಬಣದ ಮೊನೆಯನ್ನು ತೂತಿಗೆ ಒತ್ತಿದರೆ ಮಣಿ ಹೊರಕ್ಕೆ ಸಿಡಿಯುತ್ತದೆ. ಕಣ್ಣು ಜೋಪಾನ.

ದಾರ ಒಂದು ಗೇಣು ಉಳಿದಾಗ ನಿಲ್ಲಿಸಿ. ಹೊಸ ದಾರವನ್ನು ಕೆಲವು ಸಾಲು ಹಿಂದಿನಿಂದ ಓರೆಯಾಗಿ ತೂರಿಸುತ್ತಾ, ನಡುವೆ ಒಂದೆರಡು ಅರೆಗಂಟು ಹಾಕಿ, ಹಳೆ ದಾರ ಹೊರಬಂದ ಮಣಿಯಿಂದಲೇ ಹೊರಗೆ ತನ್ನಿ. ಹಳೆಯದನ್ನು ಆಮೇಲೆ ಒಳಗೆ ಅಡಗಿಸಿದರಾಯಿತು.

ಕೊಂಡಿಗೆ ನಾನು ಅಂಗಡಿಗೆ ಹೋಗಲಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಗುಂಡಿಗೆ ಬಡತನವೇ? ಚಿಂದಿ ಡೆನಿಮ್ಮಿನಲ್ಲಿ ಎರಡು ಪುಟ್ಟ ಪಟ್ಟಿ ಮಡಚಿ ಹೊಲಿದು, ಒಂದಕ್ಕೆ ಗುಂಡಿ, ಇನ್ನೊಂದಕ್ಕೆ ಕಾಜಾ. ಕಾಜಾ ಪಟ್ಟಿಯ ಉದ್ದಕ್ಕೇ ಇರಲಿ, ಅಡ್ಡ ಹೊಡೆದರೆ ಗುಂಡಿ ಜಾರುತ್ತದೆ. ಗುಂಡಿಯನ್ನು ಮಣಿ ಜೋಡಿಸುವ ಮೊದಲೇ ಹೊಡೆದುಕೊಳ್ಳಿ, ಸುತ್ತಿಗೆ ಹತ್ತಿರ ಗಾಜು ಇರಬಾರದು. ಆಮೇಲೆ ಎದ್ದು ನಿಂತ ಮಣಿಗೆ ಒಂದು ಸಲ, ಡೆನಿಮ್ಮಿನ ಮಡಿಕೆ ಅಂಚಿಗೆ ಒಂದು ಸಲ ಅಂತ ಸೂಜಿ ಓಡಿಸಿ, ಅದೇ ದಾರಿಯಲ್ಲಿ ಇನ್ನೊಮ್ಮೆ.

ಡೆನಿಮ್ ಇರುವುದರಿಂದ ಮಣಿಯ ಭಾಗ 12 ಸೆಂಟಿಮೀಟರ್ ಆದರೆ ನನ್ನ ಕೈಗೆ ಸಾಕು. ಸುಮಾರು 115 ಸಾಲು, 600ರ ಒಳಗೆ ಮಣಿ, ತೂಕದಲ್ಲಿ ಐದಾರು ಗ್ರಾಂ. ಆದರೂ 20 ಗ್ರಾಂ ತಗೊಳ್ಳಿ. ಆರಿಸಿದ ಮೇಲೆ ಉಳಿಯುವುದು ಎಷ್ಟು ಅಂತ ತಾಟು ನೋಡಿದರೆ ನಿಮಗೇ ಗೊತ್ತಾಗುತ್ತದೆ.