ದೃಢೀಕರಣ ಆದಮೇಲೂ ಮಕ್ಕಳು ಸಭೆಯಲ್ಲಿ ಉಳಿಯಬೇಕಾದರೆ

ಬಿಷಪ್ಪರ ಮುಂದೆ ಮೊಣಕಾಲೂರಿ ದೃಢೀಕರಣ (ನಂಬಿಕೆಯನ್ನು ತಾವೇ ಒಪ್ಪಿಕೊಂಡು ಸಭೆಯ ಪೂರ್ಣ ಸದಸ್ಯರಾಗುವ ವಿಧಿ) ಪಡೆದ ಮಕ್ಕಳಲ್ಲಿ ಹಲವರು ಪಿಯುಸಿ ಸೇರುವ ಹೊತ್ತಿಗೆ ಕಾಣೆಯಾಗುವುದು ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಮಾಮೂಲು. ಮೊಬೈಲನ್ನು ಬೈಯುವ ಮೊದಲು ಇದನ್ನು ನೋಡಿ: ಸಂಡೇ ಸ್ಕೂಲ್ ಮುಗಿಯಿತು, ದೃಢೀಕರಣದ ತರಗತಿ ಮುಗಿಯಿತು, ಸರ್ಟಿಫಿಕೇಟೂ ಕೈಗೆ ಬಂತು. ಮುಂದೆ ಮಾಡಲು ಏನಿದೆ? ಯುವಜನ ಸಂಘಕ್ಕೆ ಹೋದರೆ ಅಲ್ಲಿರುವವರೆಲ್ಲ ಕೆಲಸಕ್ಕೆ ಹೋಗುವ ಅಣ್ಣ-ಅಕ್ಕಂದಿರು. ಹದಿನೈದರ ಹುಡುಗಿ ಕುರ್ಚಿ ಜೋಡಿಸಿ ಸುಮ್ಮನೆ ಕೂತು ಬರುತ್ತಾಳೆ.

ಆದ್ದರಿಂದ ದೃಢೀಕರಣವಾದ ನಾಲ್ಕು ವಾರದೊಳಗೆ ಪ್ರತಿಯೊಬ್ಬರಿಗೂ ಭಾನುವಾರದ ಆರಾಧನೆಯಲ್ಲೇ ಒಂದು ಕೆಲಸ ಕೊಡಿ. ಅವರು ಬರದಿದ್ದರೆ ಎಲ್ಲರಿಗೂ ಗೊತ್ತಾಗುವಂಥ ಕೆಲಸ: ಪಾಠ (ಸತ್ಯವೇದದ, ಅಂದರೆ ಬೈಬಲಿನ, ಆ ದಿನದ ಭಾಗ) ಓದುವುದು, ಮೈಕ್ ಮತ್ತು ಮಿಕ್ಸರ್, ಪರದೆಯ ಮೇಲೆ ಹಾಡಿನ ಸಾಲು, ಕೀಬೋರ್ಡ್, ಖಜಾಂಚಿಯ ಜೊತೆ ಕೂತು ಕಾಣಿಕೆ ಎಣಿಸುವುದು. ವರ್ಷಕ್ಕೊಂದು ಯುವಜನ ಭಾನುವಾರ ಮಾಡಿ ಉಳಿದ 51 ವಾರ ಹಿಂದಿನ ಬೆಂಚಿನಲ್ಲಿ ಕೂರಿಸಿದರೆ ಪ್ರಯೋಜನವಿಲ್ಲ. ಎರಡು ತಿಂಗಳ ಪಟ್ಟಿ ಒಟ್ಟಿಗೆ ಹಾಕಿ. ಒಂದು ಕೆಲಸಕ್ಕೆ ಇಬ್ಬರಿರಲಿ, ಒಬ್ಬರ ಸರದಿ ತಿಂಗಳಿಗೆ ಎರಡು ಸಲ ಮೀರದಿರಲಿ. ಚುರುಕಾದ ಹುಡುಗ ಸಿಕ್ಕನೆಂದು ಎಲ್ಲವನ್ನೂ ಅವನ ತಲೆಗೇ ಕಟ್ಟಿದರೆ ಬೇಗ ದಣಿದು ಕೈಬಿಡುತ್ತಾನೆ.

ಹೆಚ್ಚು ಎಡವಟ್ಟಾಗುವುದು ಪಾಠ ಓದಿಸುವಲ್ಲಿ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡ ಮಾತು ಸಲೀಸು, ಸತ್ಯವೇದದ ಒತ್ತಕ್ಷರ ಕಷ್ಟ. ಆರಾಧನೆಗೆ ಹತ್ತು ನಿಮಿಷ ಇರುವಾಗ ಪುಸ್ತಕ ಕೈಗಿಟ್ಟರೆ ನೆಬೂಕದ್ನೆಚ್ಚರ ಎಂಬಂಥ ಹೆಸರಿನ ಹತ್ತಿರ ತಡವರಿಸುತ್ತಾರೆ, ಹಿಂದಿನಿಂದ ಯಾರೋ ಕಿಸಕ್ಕೆನ್ನುತ್ತಾರೆ, ಅಲ್ಲಿಗೆ ಮುಗಿಯಿತು. ವಾಕ್ಯಭಾಗವನ್ನು ಸೋಮವಾರವೇ ತಿಳಿಸಿ. ಶುರುವಿಗೆ ಹತ್ತು-ಹನ್ನೆರಡು ವಚನ ಸಾಕು. ದೊಡ್ಡ ಅಕ್ಷರದ ಪ್ರಿಂಟ್ ತೆಗೆದು, ಉಸಿರು ತೆಗೆದುಕೊಳ್ಳುವಲ್ಲಿ ಪೆನ್ಸಿಲ್ ಗೆರೆ ಹಾಕಿಸಿ. ಶನಿವಾರ ಖಾಲಿ ದೇವಾಲಯದಲ್ಲಿ ಮೈಕ್ ಹಾಕಿ ಎರಡು ಸಲ ಓದಿಸಿ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿರಲಿ. ತಪ್ಪಿದ್ದರೆ ತಿದ್ದುವವರು ಒಬ್ಬರೇ ಇರಬೇಕು, ಅದೂ ಶನಿವಾರವೇ. ಭಾನುವಾರ ಬಾಗಿಲಲ್ಲಿ ನಿಂತು ತಿದ್ದುವ ಹಿರಿಯರನ್ನು ಅಯ್ಯನವರೇ (ಸಭಾಪಾಲಕರೇ) ಮೊದಲು ಕರೆದು ಹೇಳಿಡುವುದು ಒಳ್ಳೆಯದು.

ವಾರದ ಕೂಟ ಒಂದು ತಾಸು ಮೀರಬಾರದು. ಹತ್ತು ನಿಮಿಷ ತಿಂಡಿ, ಹದಿನೈದು ನಿಮಿಷ ಮಾರ್ಕನ ಸುವಾರ್ತೆಯ ಒಂದು ಅಧ್ಯಾಯ, ಉಳಿದದ್ದು ಪ್ರಶ್ನೆಗೆ. 16 ಅಧ್ಯಾಯ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಹೆಸರಿಲ್ಲದ ಚೀಟಿ ಡಬ್ಬಿಗೆ ಹಾಕಿಸಿ. ಅಷ್ಟು ಪ್ರಾರ್ಥಿಸಿದರೂ ಅಜ್ಜಿ ಯಾಕೆ ಉಳಿಯಲಿಲ್ಲ, ಗೆಳತಿಯ ಮನೆಯ ಗಣೇಶನ ಹಬ್ಬಕ್ಕೆ ಹೋದರೆ ಪ್ರಸಾದ ತಿನ್ನಬಹುದಾ ಎಂಬಂಥವು ಬರುತ್ತವೆ. ‘ಗೊತ್ತಿಲ್ಲ, ಮುಂದಿನ ವಾರ ಹೇಳುತ್ತೇನೆ’ ಎಂದರೆ ಮರ್ಯಾದೆ ಹೋಗುವುದಿಲ್ಲ. ಮುಂದಿನ ವಾರ ಮರೆತರೆ ಹೋಗುತ್ತದೆ. ಯಾರ ಚೀಟಿ ಎಂದು ಅಕ್ಷರ ನೋಡಿ ಹುಡುಕಲು ಹೋಗಬೇಡಿ. ಹನ್ನೆರಡರ ಯೇಸು ದೇವಾಲಯದಲ್ಲಿ ಬೋಧಕರನ್ನು ಪ್ರಶ್ನಿಸುತ್ತಾ ಕೂತಿದ್ದನ್ನು ಲೂಕನೇ ಬರೆದಿದ್ದಾನಲ್ಲ.

ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳೂ ಲೆಂಟ್ (ಈಸ್ಟರಿಗೆ ಮುಂಚಿನ ಉಪವಾಸದ) ದಿನಗಳೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ನೀಟ್, ಸಿಇಟಿ ಕೋಚಿಂಗ್‌ನವರು ಭಾನುವಾರ ಬೆಳಿಗ್ಗೆಯೇ ಟೆಸ್ಟ್ ಇಡುವುದೂ ಉಂಟು. ಜನವರಿಯಿಂದ ಮಾರ್ಚ್‌ವರೆಗಿನ ಪಟ್ಟಿಗೆ ಒಂಬತ್ತನೆಯವರನ್ನೂ ಡಿಗ್ರಿಯವರನ್ನೂ ಹಾಕಿ. ಪರೀಕ್ಷೆ ಬರೆಯುವವರಿಗೆ ಮುಂಜಾನೆಯ ಆರಾಧನೆಗೆ ಬರಲು ಹೇಳಿ, ಏಪ್ರಿಲ್‌ನ ಸರದಿಯನ್ನು ಈಗಲೇ ಅವರ ಹೆಸರಿಗೆ ಬರೆದಿಡಿ.

ಹದಿನೆಂಟರೊಳಗಿನವರು ಕಾನೂನಿನ ಪ್ರಕಾರ ಮಕ್ಕಳು. ಕೂಟದಲ್ಲೂ ಪ್ರವಾಸದಲ್ಲೂ ಇಬ್ಬರು ಹಿರಿಯರು ಇರಲೇಬೇಕು, ಒಬ್ಬರು ಹೆಂಗಸು. ಪ್ರವಾಸಕ್ಕೆ ಪೋಷಕರ ಸಹಿ ಬೇಕು. ವಾಟ್ಸಾಪ್ ಸಂದೇಶ ಗ್ರೂಪಿನಲ್ಲೇ ಹೋಗಲಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಕಮಿಟಿಯೊಳಗೇ ಮುಗಿಸುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು.

ಎರಡು ಭಾನುವಾರ ಬರದಿದ್ದರೆ ಸರದಿಯ ಜೊತೆಗಾರನೇ ಫೋನ್ ಮಾಡಲಿ. ‘ಯಾಕೋ ಬಂದಿಲ್ಲ’ ಅನ್ನುವುದಕ್ಕಿಂತ ‘ಈ ವಾರ ಮಿಕ್ಸರ್ ನಿಂದು ಕಣೋ’ ಅಂದರೆ ಬರುತ್ತಾರೆ. ಓದಲು ಬೇರೆ ಊರಿನ ಹಾಸ್ಟೆಲ್ ಸೇರುವವರಿದ್ದರೆ, ಅವರನ್ನು ಕೇಳಿಯೇ, ಹೆಸರು, ನಂಬರು, ಇಲ್ಲಿ ಮಾಡುತ್ತಿದ್ದ ಕೆಲಸ ಇಷ್ಟನ್ನೂ ಅಲ್ಲಿನ ಸಭಾಪಾಲಕರಿಗೆ ಕಾಲೇಜು ಶುರುವಾಗುವ ಮೊದಲೇ ಮುಟ್ಟಿಸಿ.