ಮೊದಲು ಬಟ್ಟೆ, ಆಮೇಲೆ ಗೋಡೆ: ಪ್ರೊವಾನ್ಸ್ ಶೈಲಿಯಲ್ಲಿ ನಮ್ಮ ಮಲಗುವ ಕೋಣೆ

ಗೋಡೆಗೆ ಬಣ್ಣ ಹಚ್ಚುವ ಮೊದಲು ಹಾಸಿಗೆಯ ಬಟ್ಟೆ ಕೊಳ್ಳಿ. ಮಲಗುವ ಕೋಣೆ ಸಜ್ಜು ಮಾಡಲು ಹೊರಟವರು ಕೇಳಿದಾಗಲೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಬಣ್ಣದಂಗಡಿಯವರು ಯಾವ ಛಾಯೆ ಕೇಳಿದರೂ ಕಲಸಿ ಕೊಡುತ್ತಾರೆ. ಬಟ್ಟೆಯನ್ನು ಹಾಗೆ ಕಲಸಿ ಕೊಡುವವರು ಯಾರೂ ಇಲ್ಲ, ಸಿಕ್ಕಿದ್ದರಲ್ಲಿ ಮನಸ್ಸಿಗೆ ಹಿಡಿಸಿದ್ದನ್ನು ಆರಿಸಬೇಕು. ಗೋಡೆ ಬಟ್ಟೆಗೆ ಹೊಂದಿಕೊಳ್ಳಲಿ.

ನಾವಿರುವುದು ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತದ ಮನೋಸ್ಕ್ ಎಂಬ ಊರಿನಲ್ಲಿ. ಹತ್ತಿರದ ಕಡರಾಶ್‌ನಲ್ಲಿ ಕಟ್ಟುತ್ತಿರುವ ಈಟರ್ ಪರಮಾಣು ಸಮ್ಮಿಲನ ಯೋಜನೆಯಲ್ಲಿ ನನ್ನ ಗಂಡನಿಗೆ ಕೆಲಸ. ಭಾರತವೂ ಅದರ ಏಳು ಪಾಲುದಾರರಲ್ಲಿ ಒಂದು, ಹಾಗಾಗಿ ಈ ಕಡೆ ನಮ್ಮವರು ಆಗಾಗ ಸಿಗುತ್ತಾರೆ. ಬಾಡಿಗೆಗೆ ಹಿಡಿದದ್ದು ಹಳೇ ಪೇಟೆಯೊಳಗಿನ ಕಲ್ಲಿನ ಮನೆ. ಮಲಗುವ ಕೋಣೆಗೆ ದಕ್ಷಿಣಕ್ಕೆ ಒಂದೇ ಕಿಟಕಿ, ಮಾಡಿನಲ್ಲಿ ಮರದ ತೊಲೆಗಳು, ನೆಲಕ್ಕೆ ತೊಮೆತ್, ಅಂದರೆ ಸುಟ್ಟ ಮಣ್ಣಿನ ಆರು ಮೂಲೆಯ ಕೆಂಪು ಬಿಲ್ಲೆಗಳು. ಇಷ್ಟು ಮನೆಯಲ್ಲೇ ಇದ್ದದ್ದರಿಂದ ಶೈಲಿಯನ್ನು ಬೇರೆಡೆಯಿಂದ ಹೊತ್ತು ತರುವ ಅಗತ್ಯ ಬೀಳಲಿಲ್ಲ.

'ಫ್ರೆಂಚ್ ಕಂಟ್ರಿ' ಎಂದು ಲೇಬಲ್ ಅಂಟಿಸಿ ಮಾರುವ ಸಾಮಾನು ನೋಡಿದರೆ ನನಗೆ ನಗು. ಬೇಕೆಂದೇ ಉಜ್ಜಿ ಹಳೆಯದಾಗಿ ಕಾಣಿಸಿದ ಬಿಳಿ ಮೇಜು, ಹುಂಜದ ಗೊಂಬೆ, ಎಲ್ಲೆಲ್ಲೂ ಲ್ಯಾವೆಂಡರ್ ನೇರಳೆ. ಇಲ್ಲಿನ ಹಳ್ಳಿಮನೆಗಳ ಕೋಣೆ ಹಾಗಿರುವುದಿಲ್ಲ. ಸುಣ್ಣದ ಗೋಡೆ, ಸುಟ್ಟ ಮಣ್ಣಿನ ಬಿಲ್ಲೆಯ ನೆಲ, ಅಕ್ರೋಟು ಮರದ ಬೀರು, ಕಬ್ಬಿಣದ ಮಂಚ: ಎಲ್ಲವೂ ಗಂಭೀರ, ಹೆಚ್ಚುಕಡಿಮೆ ಬೋಳು. ಬಣ್ಣ ಇರುವುದು ಬಟ್ಟೆಯಲ್ಲಿ ಮಾತ್ರ. ಇಡೀ ಕೋಣೆಯ ಕಳೆ ಹಾಸಿಗೆಯ ಮೇಲೆ ನಿಂತಿದೆ ಎಂಬುದು ತಲೆಗೆ ಹೋದರೆ ಅರ್ಧ ಕೆಲಸ ಆದಂತೆ.

ಆ ಬಟ್ಟೆ ಎಲ್ಲಿಂದ ಬಂತು ಅಂದರೆ ನಮ್ಮ ಕಡೆಯಿಂದಲೇ. ಹದಿನೇಳನೇ ಶತಮಾನದಲ್ಲಿ ಮಾರ್ಸೇ ಬಂದರಿಗೆ ಬಂದಿಳಿಯುತ್ತಿದ್ದ ಭಾರತದ ಅಚ್ಚಿನ ಹತ್ತಿಬಟ್ಟೆಗೆ ಫ್ರೆಂಚರು ಮರುಳಾದರು, 'ಅಂದಿಯೆನ್' ಎಂದು ಕರೆದರು, ಕೊನೆಗೆ ತಾವೇ ಅಚ್ಚು ಹಾಕಲು ಕಲಿತರು. ರೇಷ್ಮೆ, ಉಣ್ಣೆ ನೇಯುವವರ ಹೊಟ್ಟೆಗೆ ಬೆಂಕಿ ಬಿತ್ತು. 1686ರಲ್ಲಿ ಹದಿನಾಲ್ಕನೇ ಲೂಯಿ ಆಮದು, ಅಚ್ಚು ಎರಡನ್ನೂ ನಿಷೇಧಿಸಿದ. ಕದ್ದುಮುಚ್ಚಿ ಉಡುವುದು ನಿಲ್ಲಲೇ ಇಲ್ಲ, 1759ರಲ್ಲಿ ನಿಷೇಧ ತೆಗೆಯಬೇಕಾಯಿತು. ಮಂಜಿಷ್ಠದ ಕೆಂಪು, ನೀಲಿಗಿಡದ ನೀಲಿ, ಮಾವಿನಕಾಯಿ ಬುಟ್ಟಾ, ಬಳ್ಳಿಯ ಅಂಚು: ಪ್ರೊವಾನ್ಸ್ ಬಟ್ಟೆಯಲ್ಲಿ ಇಂದಿಗೂ ಕಾಣುವುದು ಇವೇ. ತರಾಸ್ಕೋನ್ ಊರಿನಲ್ಲಿರುವ, ಸುಲೆಯಾದೋ ಎಂಬ ಬಟ್ಟೆ ಕಂಪನಿಯ ಮ್ಯೂಸಿಯಂನಲ್ಲಿ ಹಳೆಯ ಮರದ ಅಚ್ಚುಗಳನ್ನು ಇಟ್ಟಿದ್ದಾರೆ. ಅದನ್ನು ನೋಡಿಬಂದ ಮೇಲೆ ನನ್ನ ಆಯ್ಕೆ ಸಲೀಸಾಯಿತು.

ಫ್ರೆಂಚ್ ಕೋಣೆ ಅಂದರೆ ತ್ವಾಲ್ ದ ಝೂಯಿ ಬೇಡವೇ ಎಂದು ಗೆಳತಿಯೊಬ್ಬಳು ಕೇಳಿದಳು. ಬಿಳಿ ಬಟ್ಟೆಯ ಮೇಲೆ ಒಂದೇ ಬಣ್ಣದಲ್ಲಿ ಕುರಿ ಕಾಯುವವರು, ಮರ, ಪಾಳು ಮಂಟಪ ಇರುವ ಚಿತ್ರಬಟ್ಟೆ ಅದು. ವೆರ್ಸಾಯಿ ಪಕ್ಕದ ಝೂಯಿಯಲ್ಲಿ ಒಬೆರ್‌ಕಾಂಫ್ 1760ರಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹೆಸರಾಯಿತು. ಚೆಂದವೇ, ಆದರೆ ನನ್ನ ಕಣ್ಣಿಗೆ ಅದು ಹಳ್ಳಿಗಿಂತ ಅರಮನೆಯ ಕಡೆಯದು. ಚಿತ್ರ ದೊಡ್ಡದಾದ್ದರಿಂದ ಹೊಲಿಗೆಯಲ್ಲಿ ಜೋಡಿಸಲು ಬಟ್ಟೆಯೂ ಬಹಳ ಹಾಳಾಗುತ್ತದೆ. ನಮ್ಮ ಕೋಣೆ ಚಿಕ್ಕದು. ಕೈಬಿಟ್ಟೆ.

ನಾನು ಆರಿಸಿದ್ದು ಕೆನೆಬಣ್ಣದ ನೆಲದ ಮೇಲೆ ಮಂಜಿಷ್ಠದ ಕೆಂಪಿನ ಹೂ, ನೀಲಿ ಮಾವಿನಕಾಯಿ, ಸಾಸಿವೆ ಹಳದಿಯ ಚುಕ್ಕೆ ಇದ್ದ ಹತ್ತಿ ಬಟ್ಟೆ. ಸಂತೆಗಳಲ್ಲಿ ಪ್ರವಾಸಿಗರಿಗೆಂದು ಮಾರುವ ಅಗ್ಗದ ಥಾನುಗಳಲ್ಲಿ ಎಷ್ಟೋ ಪಾಲಿಯೆಸ್ಟರ್, ಇಲ್ಲವೇ ಮೇಜುಹಾಸಿಗೆಂದು ಮೇಣದಂಥ ಲೇಪ ಹಾಕಿದವು. ಹಾಸಿಗೆಗೆ ಅವು ಬೇಡವೇ ಬೇಡ. ಮುಷ್ಟಿಯಲ್ಲಿ ಹಿಡಿದು ಹಿಂಡಿ ಬಿಟ್ಟಾಗ ಸುಕ್ಕು ಬಿದ್ದರೆ ಹತ್ತಿ ಎಂದು ನಂಬಬಹುದು.

ಬಟ್ಟೆಯ ಕಿನಾರನ್ನು ತಿರುಗಿಸಿ ನೋಡಿ. ಅಚ್ಚುಬಟ್ಟೆಯ ಅಂಚಿನಲ್ಲಿ ಸಾಲಾಗಿ ಪುಟ್ಟ ಬಣ್ಣದ ಚುಕ್ಕೆಗಳು ಇರುತ್ತವೆ, ಅಚ್ಚಿಗೆ ಬಳಸಿದ ಒಂದೊಂದು ಬಣ್ಣಕ್ಕೂ ಒಂದೊಂದು ಚುಕ್ಕೆ. ನನ್ನ ಬಟ್ಟೆಯಲ್ಲಿ ಎರಡು ಬಗೆಯ ಕೆಂಪು, ಒಂದು ನೀಲಿ, ಸಾಸಿವೆ, ಎಲೆಗಳ ಮಾಸಲು ಹಸಿರು, ರೇಖೆಗಳ ಕಡುಕಂದು ಇದ್ದವು. ದೂರದಿಂದ ನೋಡಿದಾಗ ಕೆಂಪು ಎರಡಿವೆ ಎಂದು ಗೊತ್ತೇ ಆಗುವುದಿಲ್ಲ. ಆ ಕಿನಾರನ್ನು ಬೆರಳುದ್ದ ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡೆ. ಆಮೇಲೆ ಕೊಂಡ ಪ್ರತಿಯೊಂದನ್ನೂ, ದಿಂಬಿನ ಪಟ್ಟೆಯಿಂದ ಹಿಡಿದು ಗೋಡೆಯ ಸುಣ್ಣದವರೆಗೆ, ಆ ಚುಕ್ಕೆಗಳ ಪಕ್ಕ ಹಿಡಿದು ನೋಡಿಯೇ ಆರಿಸಿದ್ದು.

ಹೊಂದಾಣಿಕೆ ಎಂದರೆ ಒಂದೇ ಬಟ್ಟೆಯಲ್ಲಿ ಎಲ್ಲವನ್ನೂ ಹೊಲಿಸುವುದಲ್ಲ. ಹೊದಿಕೆ, ದಿಂಬು, ಪರದೆ, ಲ್ಯಾಂಪು ಎಲ್ಲಕ್ಕೂ ಒಂದೇ ಹೂವಿದ್ದರೆ ಕೋಣೆ ಮದುವೆ ಬ್ಯಾಂಡಿನವರ ಸಮವಸ್ತ್ರ ತೊಟ್ಟ ಹಾಗೆ ಕಾಣುತ್ತದೆ. ಪೆಟ್ಟಿಗೆಯಲ್ಲಿ ಬರುವ ರೆಡಿಮೇಡ್ ಸೆಟ್‌ಗಳ ತೊಂದರೆ ಅದೇ. ಒಂದು ಹೂಬಟ್ಟೆ ಯಜಮಾನನಾಗಿರಲಿ, ಉಳಿದವು ಅದರ ಬಣ್ಣಗಳಲ್ಲಿ ಒಂದೊಂದನ್ನೇ ಹಿಡಿದು ಸುಮ್ಮನಿರಲಿ. ನಾನು ಹೂಬಟ್ಟೆಯನ್ನು ಮೇಲುಹೊದಿಕೆಗೆ ಮತ್ತು ಮುಂದಿನ ಎರಡು ದಿಂಬಿಗೆ ಮಾತ್ರ ಬಳಸಿದೆ. ರಜಾಯಿಯ ಗವಸು, ಕೆಳಹಾಸು ಎರಡೂ ತೊಳೆದು ಮೆತ್ತಗಾದ ಕೆನೆಬಣ್ಣದ ಲಿನನ್. ಹಿಂದಿನ ದೊಡ್ಡ ದಿಂಬುಗಳಿಗೆ ಹಳೇ ಹಾಸಿಗೆ ಚೀಲದ ನೀಲಿ ಪಟ್ಟೆಯ ದಪ್ಪ ಬಟ್ಟೆ. ಉರುಳುದಿಂಬಿಗೆ ಕೆಂಪು ಚಿಕ್ಕ ಚೌಕಳಿ. ಹೂವಿನ ಗಾತ್ರ ಅಂಗೈಯಷ್ಟಿದ್ದರೆ ಚೌಕಳಿ ಬೆರಳುಗುರಿನಷ್ಟಿರಬೇಕು. ಎರಡೂ ಒಂದೇ ಗಾತ್ರದವಾದರೆ ಒಂದರೊಡನೊಂದು ಜಗಳಕ್ಕೆ ನಿಲ್ಲುತ್ತವೆ.

ಒಂದು ವಿಷಯದಲ್ಲಿ ಊರಿನ ನೆಂಟಸ್ತಿಕೆ ಉಪಯೋಗಕ್ಕೆ ಬಂತು. ಬೆಂಗಳೂರಿನಿಂದ ತಂದಿದ್ದ ಮಚಲೀಪಟ್ಟಣದ ಕಲಂಕಾರಿ ತುಂಡೊಂದು ಪೆಟ್ಟಿಗೆಯಲ್ಲಿತ್ತು. ಅದೇ ಕೆಂಪು, ಅದೇ ನೀಲಿ. ಕುರ್ಚಿಯ ಮೆತ್ತೆಗೆ ಹೊಲಿದು ಹಾಕಿದೆ. ಬಂದ ಫ್ರೆಂಚ್ ನೆರೆಯವರು ಇದು ಯಾವ ಅಂಗಡಿಯ ಪ್ರೊವಾನ್ಸ್ ಬಟ್ಟೆ ಎಂದು ಕೇಳುತ್ತಾರೆ. ನಾನು ಇತಿಹಾಸ ಹೇಳಲು ಶುರುಮಾಡುತ್ತೇನೆ, ಗಂಡ ಕಾಫಿ ತರಲು ಎದ್ದು ಹೋಗುತ್ತಾರೆ.

ಅಳತೆಯ ವಿಷಯ ಊರಿನಿಂದ ಬಟ್ಟೆ ತರುವವರು ಗಮನಿಸಬೇಕಾದದ್ದು. ಇಲ್ಲಿ ಜೋಡಿ ಹಾಸಿಗೆ ಸಾಮಾನ್ಯವಾಗಿ 140×190 ಸೆಂಟಿಮೀಟರ್, ದೊಡ್ಡದು ಬೇಕೆಂದರೆ 160×200. ಭಾರತದ ಕಿಂಗ್ ಸೈಜ್ ಹಾಸಿಗೆ ಸುಮಾರು 180 ಸೆಂಟಿಮೀಟರ್ ಅಗಲ. ಊರಿನ 90×108 ಇಂಚಿನ ಬೆಡ್‌ಶೀಟು ಇಲ್ಲಿ ಹೊದೆಯಲು, ಮಡಚಿ ಸಿಕ್ಕಿಸಲು ಧಾರಾಳ. ಆದರೆ ಅದರ ಜೊತೆ ಬರುವ ದಿಂಬಿನ ಗವಸು ಇಲ್ಲಿ ನಿರುಪಯೋಗಿ, ಏಕೆಂದರೆ ಫ್ರೆಂಚ್ ದಿಂಬು 65×65ರ ಚೌಕ, ಇಲ್ಲವೇ 50×70. ರಜಾಯಿ 220×240 ತೆಗೆದುಕೊಂಡರೆ ನಮ್ಮ 140ರ ಮಂಚದ ಎರಡೂ ಬದಿ ಚೆನ್ನಾಗಿ ಇಳಿಬೀಳುತ್ತದೆ. ಹಳೇ ಸಾಮಾನಿನ ಸಂತೆಯಲ್ಲಿ ಮೋಹಕವಾದ ಕೆತ್ತನೆ ಮಂಚಗಳು ಸಿಗುತ್ತವೆ, ಟೇಪು ಇಲ್ಲದೆ ಅವುಗಳ ಹತ್ತಿರ ಸುಳಿಯಬೇಡಿ. ಎಷ್ಟೋ ಹಳೇ ಮಂಚಗಳ ಅಗಲ 120 ಸೆಂಟಿಮೀಟರ್, ಇಬ್ಬರಿಗೆ ಇಕ್ಕಟ್ಟು. ನಾವು 140ರ ಕಬ್ಬಿಣದ ಮಂಚವನ್ನೇ ಹಿಡಿದೆವು.

ಹೂಬಟ್ಟೆಯ ಪನ್ನ, ಅಂದರೆ ಥಾನಿನ ಅಗಲ, ಮಂಚದ ಹೊದಿಕೆಗೆ ಸಾಲುವುದಿಲ್ಲ, ಜೋಡಿಸಲೇಬೇಕು. ನಟ್ಟನಡುವೆ ಹೊಲಿಗೆ ಬಂದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಇಡೀ ಪನ್ನವನ್ನು ಮಧ್ಯಕ್ಕಿಟ್ಟು, ಇನ್ನೊಂದು ತುಂಡನ್ನು ಉದ್ದಕ್ಕೆ ಸೀಳಿ ಎರಡೂ ಬದಿಗೆ ಸೇರಿಸಿದೆ. ಹೊಲಿಗೆಗಳು ಮಂಚದ ಅಂಚಿನ ಗೆರೆಗೆ ಬಂದು ಅಡಗಿದವು. ಕತ್ತರಿ ಹಾಕುವ ಮುಂಚೆ ಬಟ್ಟೆ ಒಮ್ಮೆ ಒಗೆದು ಒಣಗಿಸಲೇಬೇಕು. ಹತ್ತಿಯೂ ಲಿನನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಹೊಲಿದ ಮೇಲೆ ಕುಗ್ಗಿದರೆ ಅಂಚೆಲ್ಲ ಮುದುರುತ್ತದೆ.

ಬೂತಿ ಎಂಬ ಪ್ರೊವಾನ್ಸಿನ ಹೊದಿಕೆಯ ಬಗ್ಗೆ ಇಲ್ಲೊಂದು ಮಾತು. ಅಂಗಡಿಯಲ್ಲಿ ಬೂತಿ ಎಂದು ಮಾರುವುದೆಲ್ಲ ಹೆಚ್ಚಾಗಿ ನಡುವೆ ತೆಳು ಹತ್ತಿಪದರವಿಟ್ಟು ಮಿಷನ್ನಿನಲ್ಲಿ ಹೊಲಿದ ಹೊದಿಕೆ. ನಿಜವಾದ ಬೂತಿಯಲ್ಲಿ ನಡುಪದರವೇ ಇಲ್ಲ. ನವುರಾದ ಎರಡು ಬಿಳಿ ಬಟ್ಟೆ ಸೇರಿಸಿ ಚಿತ್ರದ ಗೆರೆಗುಂಟ ಜೋಡಿ ಹೊಲಿಗೆ ಹಾಕುತ್ತಾರೆ. ಆಮೇಲೆ ಹಿಂಬದಿಯಿಂದ ಸೂಜಿಯಲ್ಲಿ ಹತ್ತಿ ಎಳೆಯನ್ನು ಆ ಸಂದುಗಳೊಳಗೆ ತುಂಬುತ್ತಾರೆ. ತುಂಬಿದ ಕಡೆ ಉಬ್ಬುತ್ತದೆ, ತುಂಬದ ಕಡೆ ಬೆಳಕು ಹಾಯುತ್ತದೆ. ಕಿಟಕಿಗೆ ಅಡ್ಡ ಹಿಡಿದರೆ ಅಸಲಿ ಯಾವುದು ಎಂದು ತಕ್ಷಣ ತಿಳಿಯುತ್ತದೆ. ಕೌದಿ ಹೊಲಿಯುವ ಕೈಗಳನ್ನು ನೋಡಿ ಬೆಳೆದವಳು ನಾನು, ಆದರೂ ಈ ಕೆಲಸದ ತಾಳ್ಮೆಗೆ ತಲೆಬಾಗಿದೆ. ದೊಡ್ಡ ಅಸಲಿ ಬೂತಿಯ ಬೆಲೆ ನಮ್ಮ ಕೈಗೆಟುಕುವುದಲ್ಲ. ಹೂಬಟ್ಟೆಯ ಹೊದಿಕೆಗೆ ಮಿಷನ್ ಹೊಲಿಗೆಯೇ ಆಯಿತು.

ಪರದೆಗೆ ಹೊಸ ಬಟ್ಟೆ ಕೊಳ್ಳಲಿಲ್ಲ. ಊರೂರಿನ ವಿದ್ ಗ್ರೆನಿಯೆಗಳಲ್ಲಿ, ಅಂದರೆ ಅಟ್ಟ ಖಾಲಿ ಮಾಡುವ ಸಂತೆಗಳಲ್ಲಿ, ಅಜ್ಜಿಯರ ಕಾಲದ ಲಿನನ್ ಬೆಡ್‌ಶೀಟುಗಳು ಸಿಗುತ್ತವೆ. ಮಗ್ಗ ಕಿರಿದಾಗಿದ್ದ ಕಾಲದವಾದ್ದರಿಂದ ನಡುವೆ ಒಂದು ಜೋಡಣೆ ಹೊಲಿಗೆ, ಮೂಲೆಯಲ್ಲಿ ಕೆಂಪು ನೂಲಿನ ಕಸೂತಿಯಲ್ಲಿ ಮದುಮಗಳ ಹೆಸರಿನ ಮೊದಲಕ್ಷರಗಳು. ನಮಗೆ ಸಿಕ್ಕಿದ್ದರಲ್ಲಿ ಮಡಿಕೆಯುದ್ದಕ್ಕೂ ಹಳದಿ ಕಲೆ ಇತ್ತು. ಸೋಡಿಯಂ ಪರ್‌ಕಾರ್ಬೊನೇಟ್ ಪುಡಿ ಹಾಕಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಮಾರ್ಸೇ ಸಾಬೂನಿನಲ್ಲಿ ತಿಕ್ಕಿದೆ. ನೀರು 40 ಡಿಗ್ರಿಗಿಂತ ಬಿಸಿ ಇದ್ದರೇ ಆ ಪುಡಿ ಸರಿಯಾಗಿ ಕೆಲಸ ಮಾಡುವುದು. ಕ್ಲೋರಿನ್ ಬ್ಲೀಚ್ ಲಿನನ್ ನಾರನ್ನು ತಿನ್ನುತ್ತದೆ, ಹತ್ತಿರ ಸೇರಿಸಬೇಡಿ. ನೀಲಿಯೂ ಬೇಡ: ಅಮ್ಮ ಇದ್ದಿದ್ದರೆ ಕೊನೆಯಲ್ಲಿ ನೀಲಿಗೆ ಅದ್ದಿಯೇ ತೀರುತ್ತಿದ್ದರು, ಆದರೆ ಈ ಕೋಣೆಗೆ ಬೇಕಾದದ್ದು ಹಾಲಿನ ಕೆನೆಯ ಬಿಳುಪು. ಮಿಸ್ತ್ರಾಲ್ ಎಂಬ ಇಲ್ಲಿನ ಬಿರುಗಾಳಿ ಬೀಸುವ ದಿನ ಹಗ್ಗಕ್ಕೆ ಹಾಕಿದರೆ ಎಂಥ ದಪ್ಪ ಬೆಡ್‌ಶೀಟೂ ಬೇಗ ಗರಿಗರಿ ಒಣಗುತ್ತದೆ, ಕ್ಲಿಪ್ಪು ಮಾತ್ರ ಗಟ್ಟಿಯವು ಇರಲಿ. ಹೆಸರಿನ ಅಕ್ಷರಗಳನ್ನು ಕತ್ತರಿಸದೆ ಪರದೆಯ ಕೆಳಮೂಲೆಗೆ ಬರುವಂತೆ ಹೊಲಿದೆ.

ಇಷ್ಟಾದ ಮೇಲೆ ಗೋಡೆ. ಬಾಡಿಗೆದಾರರು ಸಾಧಾರಣ ಬಣ್ಣ ಬಳಿದುಕೊಳ್ಳಲು ಇಲ್ಲಿನ ಕಾನೂನಿನಲ್ಲಿ ಅಡ್ಡಿಯಿಲ್ಲ, ಆದರೂ ಮಾಲೀಕರಿಗೆ ತಿಳಿಸಿದ್ದೆವು. ಹಳೇ ಗಾರೆಯ ಗೋಡೆಯಾದ್ದರಿಂದ ಸುಣ್ಣವೇ ಸರಿ, ಪ್ಲಾಸ್ಟಿಕ್ ಎಮಲ್ಶನ್ ಹಾಕಿದರೆ ಕಲ್ಲಿನ ತೇವ ಒಳಗೇ ಉಳಿದು ಪದರ ಏಳುತ್ತದೆ. ನೀರಾದ ಸುಣ್ಣಕ್ಕೆ ಆಪ್ತ್ ಪ್ರದೇಶದ ಹಳದಿ ಕಾವಿಮಣ್ಣಿನ ಪುಡಿ ಒಂದಿಷ್ಟು. ಹಬ್ಬಕ್ಕೆ ಸುಣ್ಣ ಬಳಿದ ಮನೆಯವರಿಗೆ ಉಳಿದದ್ದು ಹೇಳಬೇಕಿಲ್ಲ: ಗೋಡೆ ಒದ್ದೆ ಮಾಡಿ, ತೆಳುವಾಗಿ, ಕುಂಚವನ್ನು ಅಡ್ಡಡ್ಡ ಆಡಿಸಿ, ಕಣ್ಣಿಗೆ ಕನ್ನಡಕ ಹಾಕಿ. ಹಸಿ ಸುಣ್ಣ ಕಡಲೆಹಿಟ್ಟಿನ ಬಣ್ಣ ಕಂಡರೂ ಒಣಗಿದಾಗ ಬೆಣ್ಣೆಗಿಂತ ತಿಳಿಯಾಗುತ್ತದೆ. ಬೀರುವಿನ ಹಿಂದಿನ ಗೋಡೆಯಲ್ಲಿ ತೇಪೆ ತೇಪೆ ಬಳಿದು, ಪೂರ್ತಿ ಒಣಗಲು ಬಿಟ್ಟು, ಕಿನಾರಿನ ಚುಕ್ಕೆ ಹಿಡಿದು ಆರಿಸಿದೆ.

ಅದನ್ನೂ ಮಧ್ಯಾಹ್ನ ಬಾಗಿಲು ಮುಚ್ಚಿದ ಮೇಲೆ ನೋಡಬೇಕು. ಪ್ರೊವಾನ್ಸಿನ ಬೇಸಿಗೆಯಲ್ಲಿ ಹಗಲಿಡೀ ಕಿಟಕಿಯ ಹೊರಬಾಗಿಲುಗಳನ್ನು ಮುಚ್ಚಿಡುತ್ತಾರೆ. ಕೋಣೆಗೆ ಬರುವುದು ಸಂದಿಯ ಬೆಳಕು ಮಾತ್ರ, ಅದೂ ತೊಮೆತ್ ನೆಲಕ್ಕೆ ಬಡಿದು ಕೆಂಪಾಗಿ ಮೇಲೇಳುತ್ತದೆ. ಆ ಬೆಳಕಿನಲ್ಲಿ ಅಪ್ಪಟ ಬಿಳಿ ಕೊಳಕಾಗಿ, ನೇರಳೆ ಕಂದಾಗಿ ಕಾಣುತ್ತದೆ. ಲ್ಯಾವೆಂಡರ್ ಬಣ್ಣದ ದಿಂಬು ಬೇಡ ಎಂದದ್ದಕ್ಕೆ ಇದೂ ಒಂದು ಕಾರಣ. ಸಾಸಿವೆ ಮತ್ತು ನೀಲಿ ಮಾತ್ರ ಆ ಮಬ್ಬಿನಲ್ಲೂ ತಮ್ಮ ಬಣ್ಣ ಬಿಟ್ಟುಕೊಡಲಿಲ್ಲ.

ನೆಲಕ್ಕೆ ಅಗಸೆ ಎಣ್ಣೆ, ಮೇಲೆ ಜೇನುಮೇಣ. ಗೊಂಚಲು ದೀಪ, ಮಂಚದ ಮೇಲಿನ ಜಾಲರಿ ಮಂಟಪ ಯಾವುದೂ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ಮಂಚದ ಎರಡು ಬದಿಯ ಪುಟ್ಟ ಮೇಜುಗಳು ಬೇರೆ ಬೇರೆ ಜಾತಿಯವು. ಎತ್ತರ ಮಾತ್ರ ಒಂದೇ, ಹಾಸಿಗೆಯ ಮಟ್ಟಕ್ಕೆ.

ಜೂನ್ ಬಂದರೆ ರಜಾಯಿ ಬೀರು ಸೇರುತ್ತದೆ, ಆಗ ಲಿನನ್ ಬೆಡ್‌ಶೀಟು ಮತ್ತು ಕಾಲ ಬಳಿ ಮಡಚಿಟ್ಟ ಹೂಹೊದಿಕೆ ಎರಡೇ. ಚಳಿಗಾಲಕ್ಕೆ ಹೊದಿಕೆ ಪೂರ್ತಿ ಹಾಸಿ, ಉರುಳುದಿಂಬನ್ನು ಕೆಂಪು ಚೌಕಳಿಯಿಂದ ದಪ್ಪ ಉಣ್ಣೆಯ ಗವಸಿಗೆ ಬದಲಿಸುತ್ತೇನೆ. ಉಳಿದ ಹೂಬಟ್ಟೆಯನ್ನು ಬೀರುವಿನ ಅರೆಗಳಿಗೆ ಹಾಸಿ, ಅಂಚನ್ನು ಅಲೆಅಲೆಯಾಗಿ ಕತ್ತರಿಸಿ ಇಳಿಬಿಟ್ಟಿದ್ದೇನೆ. ಇನ್ನೂ ಅರ್ಧ ಮೀಟರ್ ಇದೆ. ಲ್ಯಾಂಪಿಗೆ ನೆರಿಗೆಯ ಟೋಪಿ ಮಾಡಿಸಬೇಕೆಂದು ನನ್ನ ಆಸೆ, ಗಂಡನಿಗೆ ಸಾದಾ ಕಾಗದದ್ದೇ ಇಷ್ಟ, ಚರ್ಚೆ ನಡೆದಿದೆ.