ಗಾಯಕ್ಕೆ ಹಾಕುವ ಪುಡಿ, ಪ್ಲೇಟಿನಲ್ಲಿರುವ ಕೋಶ: ನನ್ನ ಅನುಭವ

ಮುರಿದ ಮೂಳೆಗೆ ಲೋಹದ ಪ್ಲೇಟು ಕೂರಿಸಿ ಗಾಯ ಹೊಲಿಯುವ ಮೊದಲು ಎಷ್ಟೋ ಸರ್ಜನ್‌ಗಳು ಸೋಂಕು ತಡೆಯಲು ಒಳಗೇ ವ್ಯಾಂಕೋಮೈಸಿನ್ ಎಂಬ ಆಂಟಿಬಯೋಟಿಕ್ ಪುಡಿ ಉದುರಿಸುತ್ತಾರೆ. 2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಹೀಗೆ 1 ಗ್ರಾಂ ಪುಡಿ ಹಾಕಿದವರಲ್ಲಿ ಆಳದ ಸೋಂಕು ಶೇ. 6.4 ಇತ್ತು, ಹಾಕದವರಲ್ಲಿ ಶೇ. 9.8. ಕೀವಿನ ಕಾಟ ಕಂಡವರಿಗೆ ಇದು ಸಣ್ಣ ವಿಷಯವಲ್ಲ.

ಆದರೆ ಅದೇ ಜಾಗದಲ್ಲಿ ಹೊಸ ಮೂಳೆ ಕಟ್ಟಬೇಕಾದ ಸ್ಟೆಮ್ ಸೆಲ್‌ಗಳೂ ಇರುತ್ತವೆ, ಅಲ್ವಾ? ಲೆಕ್ಕ ಹಾಕಿ. 1 ಗ್ರಾಂ ಪುಡಿ 100 ಮಿಲಿ ದ್ರವದಲ್ಲಿ ಕರಗಿದರೆ ಪ್ರತಿ ಮಿಲಿಗೆ 10,000 ಮೈಕ್ರೋಗ್ರಾಂ. ರಕ್ತದಲ್ಲಿ 15-20 ಇದ್ದರೇ ಚಿಕಿತ್ಸೆಗೆ ಸಾಕು. ನನ್ನ ಪ್ರಯೋಗ ಶುರುವಾಗಿದ್ದು ಈ ಅಂತರದಿಂದ.

ಸೊಂಟದ ಕೀಲು ಬದಲಿಸುವಾಗ ತೆಗೆದುಹಾಕುವ ಮೂಳೆಯನ್ನು ರೋಗಿಗಳ ಒಪ್ಪಿಗೆ ಪಡೆದು ತರಿಸಿಕೊಂಡೆ. ಅದರ ಮಜ್ಜೆ ತೊಳೆದು ಫ್ಲಾಸ್ಕಿಗೆ ಹಾಕಿದೆ. ತಳಕ್ಕೆ ಅಂಟಿಕೊಂಡ ಕೋಶಗಳನ್ನು ಮಾತ್ರ ಬೆಳೆಸಿಕೊಂಡೆ; ನನಗೆ ಬೇಕಾದ ಸ್ಟೆಮ್ ಸೆಲ್‌ಗಳು ಇವೇ. ಆಮೇಲೆ ಅವನ್ನು ಲ್ಯಾಬಿನ ಪ್ಲಾಸ್ಟಿಕ್ ಪ್ಲೇಟಿನ ಸಾಲುಸಾಲು ಗುಳಿಗಳಿಗೆ (ವೆಲ್) ಹಾಕಿ, ಮೂಳೆ ಕಟ್ಟಿಸುವ ಪೋಷಕ ದ್ರವ (ಮೀಡಿಯಂ) ಕೊಟ್ಟೆ: ಡೆಕ್ಸಾಮೆಥಾಸೋನ್, ವಿಟಮಿನ್ ಸಿ, ಬೀಟಾ ಗ್ಲಿಸರೋಫಾಸ್ಫೇಟ್. ಕಾಯುವುದು 21 ದಿನ.

ಮೊದಲ ಸಲ 10,000ದ ಸಾಲಿಗೆ ವ್ಯಾಂಕೋಮೈಸಿನ್ ಹಾಕಿದ ಕೂಡಲೇ ಗುಲಾಬಿ ಮೀಡಿಯಂ ಹಳದಿಗೆ ತಿರುಗಿತು. ಮರುದಿನ ಅಲ್ಲಿನ ಕೋಶಗಳೆಲ್ಲ ದುಂಡಗಾಗಿ ತೇಲುತ್ತಿದ್ದವು. ಔಷಧಿಯೇ ಕೊಂದಿತು ಎಂದು ಬರೆದೂ ಬಿಟ್ಟಿದ್ದೆ. ಆದರೆ ಆ ಹಳದಿ ಬಣ್ಣ ಮನಸ್ಸಿನಲ್ಲಿ ಉಳಿದಿತ್ತು. ವ್ಯಾಂಕೋಮೈಸಿನ್ ದ್ರಾವಣ ಆಮ್ಲೀಯ. ಕೊಂದಿದ್ದು ಔಷಧಿಯೋ ಹುಳಿಯೋ ಎಂದು ಹೇಳುವುದು ಹೇಗೆ? ಎರಡನೇ ಸಲ ಪಿಎಚ್ ಸರಿಮಾಡಿಕೊಂಡೆ. ಜೊತೆಗೆ ಔಷಧಿಯಿಲ್ಲದೆ ಬರೀ ಆಮ್ಲ ಹಾಕಿದ ಒಂದು ಸಾಲನ್ನೂ ಇಟ್ಟೆ. ಈ ಕೆಲಸಕ್ಕೆ ಹೊರಟವರು ದಯವಿಟ್ಟು ಆ ಸಾಲನ್ನು ಬಿಡಬೇಡಿ.

ಎರಡನೇ ಸಲವೂ 10,000ದಲ್ಲಿ ಕೋಶಗಳು ಸತ್ತವು. ಆದರೆ 1,000ದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು ಜೆಂಟಾಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್. ಕೃತಕ ಕೀಲನ್ನು ಮೂಳೆಗೆ ಕೂರಿಸುವ ಬೋನ್ ಸಿಮೆಂಟಿನಲ್ಲಿ ಬೆರೆಸಿ ಹಾಕುತ್ತಾರಲ್ಲ, ಅದೇ. ಪ್ರತಿ ಮಿಲಿಗೆ 200 ಮೈಕ್ರೋಗ್ರಾಂನಲ್ಲಿ, ಕೋಶಗಳು ಬದುಕಿವೆಯೇ ಎಂದು ನೋಡುವ 3ನೇ ದಿನದ ಎಂಟಿಟಿ ಪರೀಕ್ಷೆಯಲ್ಲಿ ಕೋಶಗಳು ಚೆನ್ನಾಗಿಯೇ ಬದುಕಿದ್ದವು. ಅಲ್ಲಿಗೇ ನಿಲ್ಲಿಸಿದ್ದರೆ ‘ಅಪಾಯವಿಲ್ಲ’ ಎಂದು ಬರೆಯುತ್ತಿದ್ದೆ.

21ನೇ ದಿನ ಅಲಿಝರಿನ್ ರೆಡ್ ಬಣ್ಣ ಹಾಕಿ ತೊಳೆದು ಬೆಳಕಿಗೆ ಹಿಡಿದೆ. ಔಷಧಿ ಹಾಕದ ವೆಲ್‌ಗಳ ತಳದಲ್ಲಿ ಕುಂಕುಮ ಚೆಲ್ಲಿದಂತೆ ಕೆಂಪು ಗಂಟುಗಳು. ಕ್ಯಾಲ್ಸಿಯಂ ಕೂತಲ್ಲೆಲ್ಲ ಬಣ್ಣ ಹಿಡಿದಿತ್ತು. ಜೆಂಟಾಮೈಸಿನ್ ಸಾಲಿನಲ್ಲಿ ಬರೀ ತಿಳಿ ಗುಲಾಬಿ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೋಶಗಳು ಒತ್ತೊತ್ತಾಗಿ, ಉದ್ದಕ್ಕೆ ಚಾಚಿಕೊಂಡಿದ್ದವು. ಜೀವ ಇತ್ತು, ಮೂಳೆಯ ಕೆಲಸ ಮಾತ್ರ ನಡೆದಿರಲಿಲ್ಲ.

ಹಾಗಂತ ಪುಡಿ ಹಾಕಬೇಡಿ ಎನ್ನುವವನಲ್ಲ ನಾನು. ಸೋಂಕು ಹಿಡಿದ ಮೂಳೆ ಕೂಡುವುದು ಇನ್ನೂ ಕಷ್ಟ. ದೇಹದಲ್ಲಾದರೆ ಔಷಧಿಯ ಮಟ್ಟ ದಿನ ಕಳೆದಂತೆ ಇಳಿಯುತ್ತದೆ. ನನ್ನ ಪ್ಲೇಟಿನಲ್ಲಿ ಮೀಡಿಯಂ ಬದಲಿಸಿದಾಗೆಲ್ಲ ನಾನೇ ಮತ್ತೆ ಅಷ್ಟೇ ಹಾಕುತ್ತಿದ್ದೆ. ಈಗ ಇನ್ಕ್ಯುಬೇಟರ್‌ನಲ್ಲಿರುವ ಪ್ಲೇಟುಗಳಿಗೆ 3 ದಿನ ಮಾತ್ರ ಜೆಂಟಾಮೈಸಿನ್ ಕೊಟ್ಟು ತೊಳೆದಿದ್ದೇನೆ. ಇವತ್ತಿಗೆ 12ನೇ ದಿನ.